ಏಟು ಬಿತ್ತು ಎಂಬ ಮಾತು

ದೊಡ್ಡವ್ವ ಕಳೆದ ತಿಂಗಳು ಕೆಲಸ ಬಿಟ್ಟರು. ಅವರು ಬಿಟ್ಟರು ಎನ್ನುವುದಕ್ಕಿಂತ ಅವರ ಕಾಲು ಅವರನ್ನು ಕೈಬಿಟ್ಟಿತು ಎನ್ನಬೇಕು. ತಮಿಳುನಾಡಿನ ತೇನಿಯ ಈ ಜವಳಿ ಅಂಗಡಿಯಲ್ಲಿ ಅವರು ನಿಂತಷ್ಟು ಕಾಲ ಅಂಗಡಿಯ ಕಂಬಗಳೂ ನಿಂತಿಲ್ಲ. ಹಳೆಯ ಕಟ್ಟಡ ಕೆಡವಿ ಮೂರು ಮಹಡಿ ಎಬ್ಬಿಸಿದಾಗ ಕಂಬಗಳು ಬದಲಾದವು, ಕೌಂಟರುಗಳಿಗೆ ಗಾಜು ಬಂತು, ಮೊದಲಾಳಿಯ, ಅಂದರೆ ಮಾಲೀಕರ, ಕುರ್ಚಿಗೆ ಮೊದಲಾಳಿಯ ಮಗ ಬಂದ. ದೊಡ್ಡವ್ವ ಮಾತ್ರ ಮೊದಲ ಮಹಡಿಯಲ್ಲಿ, ಕತ್ತರಿಸಿ ಮಾರುವ ಬಟ್ಟೆಯ ಕೌಂಟರಿನ ಹಿಂದೆ, ಕಬ್ಬಿಣದ ಮೀಟರ್ ಕಡ್ಡಿ ಹಿಡಿದುಕೊಂಡು ನಿಂತೇ ಇದ್ದರು. ಕೊನೆಗೂ ಆ ಕೌಂಟರಿನಿಂದ ಅವರನ್ನು ಕದಲಿಸಿದ್ದು ವಯಸ್ಸಲ್ಲ. ಅದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ದೊಡ್ಡವ್ವ ಎಂಬುದು ಅವರ ಹೆಸರಲ್ಲ, ನನಗೆ ಅವರು ದೊಡ್ಡಮ್ಮನೂ ಅಲ್ಲ. ಕಂಬಂ ಕಣಿವೆಯಲ್ಲಿ ನಮ್ಮ ಮನೆಮಾತಿನ ಕುಟುಂಬಗಳು ಎಷ್ಟೋ ತಲೆಮಾರಿನಿಂದ ಇವೆ. ಹೊರಗೆ ತಮಿಳು, ಒಲೆಯ ಮುಂದೆ ಕನ್ನಡ. ಅವರು ಕಾಮಯಗೌಂಡನ್‌ಪಟ್ಟಿಯವರು, ನಾನು ಚಿನ್ನಮನೂರಿನವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಟ್ಟೆಯ ಮಧ್ಯದ ಗುಂಡುಸೂಜಿ ಬೆರಳಿಗೆ ಚುಚ್ಚಿ ನಾನು ನನ್ನಷ್ಟಕ್ಕೇ ಏನೋ ಗೊಣಗಿದೆ. ಅವರು ಕತ್ತರಿ ನಿಲ್ಲಿಸಿ, ತಲೆ ಎತ್ತದೆಯೇ, "ಯಾರ್ ಮನೆ ಮಗಳವ್ವ ನೀನು?" ಎಂದು ಕೇಳಿದರು. ಅಲ್ಲಿಂದ ಅವರು ನನಗೆ ದೊಡ್ಡವ್ವ. ಅಂಗಡಿಯ ತಮಿಳು ಹೆಂಗಸರಿಗೂ ಅದು ಅವರ ಹೆಸರೆಂದೇ ಅಭ್ಯಾಸವಾಗಿಹೋಯಿತು.

ನನ್ನ ಅಪ್ಪ ಒಂದಷ್ಟು ಕಾಲ ಮೈಸೂರಿನಲ್ಲಿ ಕೆಲಸಕ್ಕಿದ್ದುದರಿಂದ ನಾನು ಕನ್ನಡ ಶಾಲೆಯಲ್ಲಿ ಓದಿದವಳು. ಅದು ಅವರಿಗೆ ಬಲು ತಮಾಷೆ. ನಾನು "ಇರುತ್ತದೆ" ಎಂದರೆ ಅವರು ಪಕ್ಕದವರಿಗೆ, "ನೋಡು, ಬುಕ್ಕು ಪೇಸ್ತದೆ" ಎಂದು ಹೇಳಿ ನಗುತ್ತಿದ್ದರು. ಪುಸ್ತಕ ಮಾತಾಡುತ್ತಿದೆ ಎಂದರ್ಥ. ಅವರಿಗೆ ಕನ್ನಡದ ಒಂದು ಅಕ್ಷರವೂ ಬರುತ್ತಿರಲಿಲ್ಲ. ಆದರೆ ನನ್ನ ಕನ್ನಡ ಬೆಂದಿಲ್ಲ ಎಂಬುದು ಅವರ ಖಚಿತ ಅಭಿಪ್ರಾಯ.

ಜವಳಿ ಅಂಗಡಿಯ ಕೆಲಸ ಎಂದರೆ ಜನ ನಗುಮುಖ, ಮಡಿಸುವುದು, ಬಿಚ್ಚುವುದು ಎಂದುಕೊಳ್ಳುತ್ತಾರೆ. ಅದೂ ಇದೆ. ಅದರ ಜೊತೆಗೆ ಮೇಲಿನ ಕಪಾಟಿನಿಂದ ಜಾರಿ ತಲೆಯ ಮೇಲೆ ಬೀಳುವ ಬಟ್ಟೆಯ ಥಾನುಗಳಿವೆ. ಏಣಿಯ ಮೇಲೆ ನಿಂತಾಗ ಕೆಳಗಿನಿಂದ ಮೊಬೈಲ್ ಎತ್ತುವ ಗಂಡಸರಿದ್ದಾರೆ. ಬಣ್ಣ ಹಿಡಿಸದಿದ್ದರೆ ಸೀರೆಯನ್ನು ಮುಖದ ಮೇಲೆ ಎಸೆಯುವ ಹೆಂಗಸರಿದ್ದಾರೆ. ಹಬ್ಬದ ಹೊತ್ತಿನಲ್ಲಿ ಕುಡಿದು ಬಂದು, ಹೆಂಡತಿಯ ಮೇಲಿನ ಸಿಟ್ಟನ್ನು ನಮ್ಮ ಮೇಲೆ ತೀರಿಸಿಕೊಳ್ಳುವವರಿದ್ದಾರೆ. ಇವರೆಲ್ಲ ದೇವರು ಎಂದು ಮ್ಯಾನೇಜರ್ ಬೆಳಿಗ್ಗೆ ಪೂಜೆಯಾದ ಮೇಲೆ ನಮಗೆ ಹೇಳುತ್ತಾರೆ. ಇನ್ನು ಕಾಲು. ನಿಂತು ನಿಂತು ಮೀನಖಂಡದಲ್ಲಿ ನರ ಗಂಟು ಕಟ್ಟದ ಹೆಂಗಸು ನಮ್ಮ ಮಹಡಿಯಲ್ಲಿ ಯಾರೂ ಇಲ್ಲ. ಅಂಗಡಿಯವರು ಕೆಲಸಗಾರರಿಗೆ ಕೂರಲು ಜಾಗ ಕೊಡಬೇಕೆಂದು ಸರ್ಕಾರ ಹೇಳಿದ ಮೇಲೆ ಪ್ರತಿ ಕೌಂಟರಿನ ಹಿಂದೆ ಒಂದೊಂದು ಸ್ಟೂಲ್ ಬಂತು. ಸ್ಟೂಲ್ ಬಂತೇ ಹೊರತು ಕೂರುವುದು ಬರಲಿಲ್ಲ. ಕೂತವಳ ಕಡೆ ಮ್ಯಾನೇಜರ್ ಒಮ್ಮೆ ನೋಡಿದರೆ ಸಾಕಾಗಿತ್ತು. ನಾವು ಅದರ ಮೇಲೆ ನೀರಿನ ಬಾಟಲಿ ಇಡುತ್ತಿದ್ದೆವು.

ಈ ಎಲ್ಲದರ ನಡುವೆ ದೊಡ್ಡವ್ವ ತಮ್ಮದೇ ಕೆಲವು ಉಪಾಯಗಳನ್ನು ಮಾಡಿಕೊಂಡಿದ್ದರು. ಯಾರಾದರೂ ದನಿ ಏರಿಸಿಕೊಂಡು ಬಂದರೆ ಅವರು ಮೊದಲು ಮಾಡುತ್ತಿದ್ದದ್ದು ಕತ್ತರಿಯನ್ನು ಡ್ರಾಯರಿಗೆ ಸೇರಿಸುವುದು. ಮಾತು ಆಮೇಲೆ. ಎರಡನೆಯದು, ನೀರು. "ಅಣ್ಣೆ, ಮೊದಲು ಒಂದು ಗುಟುಕು ಕುಡೀರಿ" ಎಂದು ತಮಿಳಿನಲ್ಲಿ ಹೇಳಿ ಅವರ ಕೈಗೆ ಲೋಟ ಕೊಟ್ಟುಬಿಡುತ್ತಿದ್ದರು. ಲೋಟ ಹಿಡಿದ ಕೈ ಹೊಡೆಯುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಒಬ್ಬ ಪುಣ್ಯಾತ್ಮ ಆ ಸ್ಟೀಲ್ ಲೋಟವನ್ನೇ ಬೀಸಿ ಎಸೆದ ಮೇಲೆ ಕಾಗದದ ಲೋಟ ತರಿಸಿದರು. ಅಷ್ಟೇ ಬದಲಾವಣೆ, ಉಪಾಯವನ್ನು ಬಿಡಲಿಲ್ಲ.

ಮೂರನೆಯ ಉಪಾಯ ನಮ್ಮ ಮಾತು. ಕೌಂಟರಿನ ಮುಂದೆ ನಿಂತವನು ಕೈ ಮಾಡಬಹುದು ಎಂದು ಅನ್ನಿಸಿದಾಗ ಅವರು ನನ್ನ ಕಡೆ ತಿರುಗಿ, ಮನೆಯ ವಿಚಾರ ಹೇಳುವವರ ಹಾಗೆ, "ಒಲೆ ಮೇಲೆ ಹಾಲದೆ, ನೋಡ್ಕೊ" ಎನ್ನುತ್ತಿದ್ದರು. ಒಂದು ಹೆಜ್ಜೆ ಹಿಂದೆ ಸರಿ, ಕತ್ತರಿ ತೆಗೆದಿಡು, ಮ್ಯಾನೇಜರನ್ನು ಕರೆಸು, ಇಷ್ಟೂ ಅದರಲ್ಲಿತ್ತು. ತಮಿಳಿನವರಿಗೆ ಹಾಲು ಪಾಲು, ಒಲೆ ಅಡುಪು. ಎಷ್ಟು ಕಿವಿಗೊಟ್ಟರೂ ಏನೂ ಸಿಕ್ಕುವುದಿಲ್ಲ. ಒಮ್ಮೆ ಕುಡಿದವನೊಬ್ಬ ಪಂಚೆಯ ಬಟ್ಟೆ ಬಿಚ್ಚಿಸಿ ಬಿಚ್ಚಿಸಿ ಕೊನೆಗೆ ನನ್ನ ಮಣಿಕಟ್ಟು ಹಿಡಿದುಕೊಂಡ. ದೊಡ್ಡವ್ವ ದನಿ ಏರಿಸದೆ, "ಹಾಲು ಉಕ್ಕ್ತು" ಎಂದರು. ಎಳೆದಾಡಬೇಡ ಎಂದು ಅದರರ್ಥ. ನಾನು ತಳ್ಳುವುದರ ಬದಲು ಕೈ ಸಡಿಲ ಬಿಟ್ಟೆ. ಅವನು ಗೊಂದಲಕ್ಕೆ ಬಿದ್ದು ಹಿಡಿತ ಬಿಟ್ಟ. ಅಷ್ಟರಲ್ಲಿ ವಾಚ್‌ಮನ್ ಬಂದಿದ್ದ. ಅಂದು ಮಧ್ಯಾಹ್ನ ಮೆಟ್ಟಿಲ ಕೆಳಗೆ ಊಟ ಮಾಡುವಾಗ ನಾನು ಅಳುತ್ತಿದ್ದೆ, ಅವರು ನನ್ನ ಡಬ್ಬಿಯಲ್ಲಿ ತಮ್ಮ ಊರಿನ ದ್ರಾಕ್ಷಿ ಹಾಕುತ್ತಿದ್ದರು.

ಮೆಟ್ಟಿಲ ಕೆಳಗಿನ ಆ ಜಾಗದಲ್ಲಿ ನಮ್ಮ ಜೊತೆ ಊಟಕ್ಕೆ ಕೂರುತ್ತಿದ್ದ ಇನ್ನೊಬ್ಬಳು ಸೆಲ್ವಿ. ಅವಳು ತಮಿಳಿನವಳು. ನಮ್ಮ ಎದುರಿನ ಸೀರೆ ಕೌಂಟರಿನಲ್ಲಿ, ದೊಡ್ಡ ನಿಲುವುಗನ್ನಡಿಯ ಮುಂದೆ, ಗಿರಾಕಿಗಳಿಗಾಗಿ ಸೀರೆಯನ್ನು ತನ್ನ ಹೆಗಲ ಮೇಲೆ ಹರಡಿಕೊಂಡು ತೋರಿಸುವುದು ಅವಳ ಕೆಲಸ. ಮಾತು ಕಡಿಮೆ. ಗಂಡ ತೀರಿಕೊಂಡ ಮೇಲೆ ಇಡೀ ಮನೆ ಅವಳ ಈ ಕೆಲಸದ ಮೇಲೆ ನಿಂತಿತ್ತು. ದೊಡ್ಡವ್ವ ಅವಳಿಗೆ ಕನ್ನಡ ಕಲಿಸಲು ಹೋಗಿ ಸೋತಿದ್ದರು. ಅವಳ ಬಾಯಲ್ಲಿ ಹಾಲು ಯಾವತ್ತೂ ಆಲು ಆಗುತ್ತಿತ್ತು.

ಅದು ಜನ ಕಡಿಮೆಯಿದ್ದ ಒಂದು ಮಧ್ಯಾಹ್ನ. ಬಿಳಿ ಅಂಗಿ ತೊಟ್ಟ, ಮೂವತ್ತು ದಾಟಿದ ಒಬ್ಬ, ಪ್ಲಾಸ್ಟಿಕ್ ಚೀಲದೊಂದಿಗೆ ಬಂದ. ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರ, ಪಾವಡೆ, ಅಂದರೆ ಉದ್ದ ಲಂಗ, ಹೊಲಿಸಲು ನಮ್ಮಲ್ಲಿ ಬಟ್ಟೆ ಕೊಂಡಿದ್ದ. ದರ್ಜಿ ಬಟ್ಟೆ ಸಾಲದು ಎಂದಿದ್ದಾನೆ. ಶಾಸ್ತ್ರ ಮರುದಿನ. ಹೆಂಡತಿ ಅವನನ್ನು, ಅವನು ದರ್ಜಿಯನ್ನು, ದರ್ಜಿ ನಮ್ಮನ್ನು ಬೈದಿರಬೇಕು. ಆ ಸರಪಳಿಯ ತುದಿಯಲ್ಲಿ ದೊಡ್ಡವ್ವ ಇದ್ದರು. ಅವನ ತಮಿಳು ಅಪ್ಪಟ ತೇನಿಯ ತಮಿಳು. ಅಳತೆಯಲ್ಲಿ ಮೋಸ ಮಾಡಿದ್ದೀರಿ ಎಂದ. ದೊಡ್ಡವ್ವ ಬಟ್ಟೆ ಮುಟ್ಟಿ ನೋಡಿ, ಇದನ್ನು ನೀರಿಗೆ ಹಾಕಿದ್ದೀರಿ, ಹತ್ತಿ ಬಟ್ಟೆ ಕುಗ್ಗುತ್ತದೆ ಅಣ್ಣೆ, ಬನ್ನಿ ನಿಮ್ಮೆದುರೇ ಅಳೆಯುತ್ತೇನೆ ಎಂದು ಮೀಟರ್ ಕಡ್ಡಿಯನ್ನು ಗಾಜಿನ ಮೇಲಿಟ್ಟರು. ಅವನು ಗಾಜಿಗೆ ಗುದ್ದಿದ. ಕಾಗದದ ಲೋಟ ಉರುಳಿ ನೀರು ಬಟ್ಟೆಯ ಮೇಲೆ ಚೆಲ್ಲಿತು.

ಆಗ ದೊಡ್ಡವ್ವ ನನ್ನ ಕಡೆ ತಿರುಗಿ ಎಂದಿನ ದನಿಯಲ್ಲಿ ಹೇಳಿದರು. "ಒಲೆ ಮೇಲೆ ಹಾಲದೆ. ಕತ್ತರಿ ಎತ್ತಿಡು."

ನಾನು ಕತ್ತರಿ ತೆಗೆದುಕೊಂಡು ಕೆಳಗಿನ ಡ್ರಾಯರ್ ಎಳೆಯಲು ಬಗ್ಗಿದೆ. ಆ ಡ್ರಾಯರ್ ಯಾವಾಗಲೂ ಸಿಕ್ಕಿಕೊಳ್ಳುತ್ತದೆ. ನನ್ನ ತಲೆ ಕೌಂಟರಿನ ಕೆಳಗಿರುವಾಗ ಮೇಲಿನಿಂದ ಅವನ ದನಿ ಕೇಳಿತು. ಅದು ತಮಿಳಾಗಿರಲಿಲ್ಲ.

"ಕತ್ತರಿ ಯಾಕೆ ಎತ್ತಿಡ್ತಾಳೆ? ನಾನೇನು ಕೊಲೆಗಾರನಾ? ನಮ್ಮೋಳಾಗಿ ನಂಗೇ ಹಿಂಗ್ ಸೊಲ್ತೀಯಾ?"

ನಮ್ಮ ಕಣಿವೆಯ ಮಾತು, ಹೇಳುವುದಕ್ಕೆ ಸೊಲ್ಲುವುದು ಎನ್ನುವ ನಮ್ಮ ಮನೆಯೊಳಗಿನ ಧಾಟಿ. ಇಷ್ಟು ವರ್ಷ ಆ ಮಾತನ್ನು ಬಾಗಿಲ ಅಗುಳಿಯ ಹಾಗೆ ಹಾಕಿಕೊಂಡಿದ್ದೆವು. ಹೊರಗೆ ನಿಂತವನೂ ಅದೇ ಮನೆಯವನಾದರೆ ಏನು ಮಾಡಬೇಕೆಂದು ಯೋಚಿಸಿರಲಿಲ್ಲ. ದೊಡ್ಡವ್ವ ಅದನ್ನು ತಮಿಳಿನಲ್ಲಿ ಹೇಳಿದ್ದರೆ ಅವನು ಬೈದು ಹೋಗುತ್ತಿದ್ದನೋ ಏನೋ. ತನ್ನವಳೊಬ್ಬಳು ತನ್ನ ಮಾತಿನಲ್ಲೇ, ತನ್ನ ಮುಂದೆಯೇ, ತನ್ನನ್ನು ಉಕ್ಕುವ ಹಾಲು ಎಂದಳಲ್ಲ, ಅದು ಅವನಿಗೆ ತಡೆಯಲಾಗಲಿಲ್ಲ. ಇದು ಅವನ ಪರವಾದ ಮಾತಲ್ಲ. ನಾನು ಕೇಳಿದ್ದನ್ನು ಹೇಳುತ್ತಿದ್ದೇನೆ.

ಆಮೇಲೆ ಒಂದು ಸದ್ದು ಕೇಳಿತು. ಕಬ್ಬಿಣ ಎಲುಬಿಗೆ ತಾಗುವ ಸದ್ದು. ಹಿಂದೆಯೇ ಸ್ಟೂಲ್ ಉರುಳಿತು. ನಾನು ಎದ್ದಾಗ ದೊಡ್ಡವ್ವ ನನ್ನ ಪಕ್ಕದಲ್ಲೇ ನೆಲದ ಮೇಲಿದ್ದರು, ಬಲಗೈ ಇರಬಾರದ ರೀತಿಯಲ್ಲಿ ಮಡಚಿಕೊಂಡಿತ್ತು, ಮೀಟರ್ ಕಡ್ಡಿ ಅವನ ಕಾಲಬಳಿ ಬಿದ್ದಿತ್ತು. ಅವನ ಕೈ ಖಾಲಿ.

ಎದುರು ಕೌಂಟರಿನಲ್ಲಿ ಸೆಲ್ವಿ ಹೆಗಲ ಮೇಲೆ ಹಸಿರು ಸೀರೆ ಹರಡಿಕೊಂಡು ಕನ್ನಡಿಯ ಮುಂದೆ ನಿಂತಿದ್ದಳು. ಅವಳ ಬೆನ್ನು ನಮ್ಮ ಕಡೆಗಿತ್ತು. ಅವಳ ಗಿರಾಕಿ ಆಗಲೇ ಮೆಟ್ಟಿಲಿಳಿಯುತ್ತಿದ್ದರು.

ಆಸ್ಪತ್ರೆಗೆ ಮ್ಯಾನೇಜರೇ ಆಟೋದಲ್ಲಿ ಕರೆದುಕೊಂಡು ಬಂದರು. ಅವರು ಕೆಟ್ಟ ಮನುಷ್ಯ ಅಲ್ಲ. ದಾರಿಯುದ್ದಕ್ಕೂ ದೊಡ್ಡವ್ವನ ತಲೆ ಆನಿಸಿಕೊಳ್ಳಲು ತಮ್ಮ ಭುಜ ಕೊಟ್ಟಿದ್ದರು. ಆದರೆ ಡಾಕ್ಟರ್, "ಎಪ್ಪಡಿಮ್ಮಾ ಅಡಿಪಟ್ಟುಚ್ಚು?" ಎಂದು ಕೇಳಿದಾಗ, ದೊಡ್ಡವ್ವ ಬಾಯಿ ತೆರೆಯುವ ಮೊದಲೇ ಅವರು, "ಸ್ಟೂಲ್‌ಲೇರುಂದು ವಿಳುಂದುಟ್ಟಾಂಗ" ಎಂದುಬಿಟ್ಟರು. ಯಾರೂ ಕೂರದ ಆ ಸ್ಟೂಲಿನಿಂದ ದೊಡ್ಡವ್ವ ಬಿದ್ದರಂತೆ.

ಡಾಕ್ಟರ್ ಕೇಳಿದ ಮಾತನ್ನು ಗಮನಿಸಿ. ಏಟು ಹೇಗೆ ಬಿತ್ತು ಎಂದು ಕೇಳಿದರು. ತಮಿಳಿನಲ್ಲೂ ಹಾಗೆಯೇ, ನಮ್ಮಲ್ಲೂ ಹಾಗೆಯೇ. ಬಚ್ಚಲಲ್ಲಿ ಜಾರಿದರೂ ಏಟು ಬಿತ್ತು, ಗಂಡ ಬಡಿದರೂ ಏಟು ಬಿತ್ತು. ಏಟು ಇರುತ್ತದೆ, ತಿಂದವರು ಇರುತ್ತಾರೆ, ಕೊಟ್ಟವನಿಗೆ ಆ ಮಾತಿನಲ್ಲಿ ಜಾಗವೇ ಇಲ್ಲ. ನನಗೆ ಇದು ಎಂದೂ ಹೊಳೆದಿರಲಿಲ್ಲ. ಹೊಳೆಯಿಸಿದ್ದು ದೊಡ್ಡವ್ವ, ಅದೂ ಆ ನೋವಿನಲ್ಲಿ.

"ನಾನು ಬಿದ್ದದ್ದು ಹೌದು," ಎಂದು ಅವರು ಡಾಕ್ಟರಿಗೆ ತಮಿಳಿನಲ್ಲಿ ಹೇಳಿದರು. "ಅವನು ಹೊಡೆದ ಮೇಲೆ ಬಿದ್ದೆ." ಆಮೇಲೆ ನನ್ನ ಕಡೆ ತಿರುಗಿ ನಮ್ಮ ಮಾತಿನಲ್ಲಿ, "ಏಟೇನು ಮಾವಿನಕಾಯಾ, ತಾನೇ ಬೀಳಕ್ಕೆ?" ಎಂದರು.

ಅಲ್ಲಿಂದ ಶುರುವಾಯಿತು ನೋಡಿ. ದೊಡ್ಡವ್ವ ಯಾರಿಂದಲೂ ಬೇರೇನನ್ನೂ ಕೇಳಲಿಲ್ಲ. ಅವನನ್ನು ಒಳಗೆ ಹಾಕಿ ಎನ್ನಲಿಲ್ಲ, ನನಗೆ ಇಂಥದ್ದು ಕೊಡಿ ಎನ್ನಲಿಲ್ಲ. ಹೊಡೆದ ಎಂಬ ಒಂದು ಮಾತನ್ನು ಯಾರಾದರೂ ಹೇಳಬೇಕಿತ್ತು. ಅಷ್ಟು ಸಣ್ಣದನ್ನು ಕೊಡಲು ಯಾರಿಗೂ ಕೈ ಬರಲಿಲ್ಲ.

ಅಂಗಡಿಯವರಿಗೆ ಅಂಗಡಿಯ ಹೆಸರಿನ ಚಿಂತೆ. ಮೂರನೆಯ ದಿನ ದೊಡ್ಡವ್ವನ ಮನೆಗೆ ಕಾಮಯಗೌಂಡನ್‌ಪಟ್ಟಿಯ ಇಬ್ಬರು ಹಿರಿಯರು ಬಂದರು. ನಾನೂ ಅಲ್ಲಿದ್ದೆ, ದೊಡ್ಡವ್ವನಿಗೆ ತಲೆ ಬಾಚಲು ಹೋಗಿದ್ದೆ. ಅವರ ಬಲಗೈ ಕಟ್ಟಿನಲ್ಲಿತ್ತು. ಹೊಡೆದವನು ದೊಡ್ಡವ್ವನಿಗೆ ದೂರದ ಸಂಬಂಧವೂ ಹೌದೆಂದು ಗೊತ್ತಾಗಿತ್ತು. ದೊಡ್ಡವ್ವನ ಗಂಡ, ದ್ರಾಕ್ಷಿ ಮಂಡಿಯಲ್ಲಿ ತೂಕ ಹಾಕುವವರು, ಬಂದವರಿಗೆ ಕಾಫಿ ಕೊಟ್ಟು ಗೋಡೆಗೆ ಒರಗಿ ನಿಂತರು.

"ನಮ್ಮೋನೇ ಅಲ್ವೇನವ್ವ," ಎಂದರು ಹಿರಿಯರಲ್ಲಿ ಒಬ್ಬರು. "ಮಗೀದು ಶಾಸ್ತ್ರ, ತಲೆ ಕೆಟ್ಟದೆ. ಕೋಪದಾಗೆ ಕೈ ಹೋಗ್ಬುಟ್ಟದೆ."

"ಕೈ ಹೋಗಕ್ಕೆ ಅದುಕ್ಕೇನು ಕಾಲದೆಯಾ ಮಾಮಾ?" ಎಂದರು ದೊಡ್ಡವ್ವ.

ಆ ಹಿರಿಯರು ಕಾಫಿ ಲೋಟ ಕೆಳಗಿಟ್ಟರು. ಇನ್ನೊಬ್ಬರು ನಗಲು ನೋಡಿ ನಿಲ್ಲಿಸಿದರು. ಗಂಡ ಗೋಡೆಯ ಬಳಿಯಿಂದಲೇ, "ಬಿದ್ದೆ ಅಂತ ಸೊಲ್ಲು, ಮುಗೀಲಿ. ನಾಳೆ ಅವ್ರ ಮಕ ನೋಡ್ಬೇಕಲ್ಲ" ಎಂದರು. ದೊಡ್ಡವ್ವ ಹಿರಿಯರ ಕಡೆ ತಿರುಗಿ ತಮಿಳಿನಲ್ಲಿ ಮಾತಾಡಲು ಶುರು ಮಾಡಿದರು. ಆ ಮನೆಯೊಳಗೆ ಅವರು ತಮಿಳು ಆಡಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ಹಿರಿಯರು ಕನ್ನಡದಲ್ಲಿ ಕೇಳುತ್ತಿದ್ದರು, ಇವರು ತಮಿಳಿನಲ್ಲಿ ಉತ್ತರಿಸುತ್ತಿದ್ದರು, ಪರ ಊರಿನ ಗಿರಾಕಿಗಳಿಗೆ ಹೇಳುವಂತೆ, ಬಹುವಚನದಲ್ಲಿ, ಬಹಳ ಮರ್ಯಾದೆಯಿಂದ. ಕೊನೆಗೆ ಹಿರಿಯರು ಎದ್ದು ಹೋದರು.

ದೊಡ್ಡವ್ವ ಠಾಣೆಗೆ ಹೋಗಿ, ಹೊಡೆದ ಎಂದೇ ದೂರು ಬರೆಸಿದರು. ಅಲ್ಲಿ ಕೇಳಿದ್ದು ಒಂದೇ. ನೋಡಿದವರು ಯಾರು? ಕೌಂಟರಿನಲ್ಲಿ ನಮ್ಮ ನೆತ್ತಿಯ ಮೇಲೊಂದು ಕ್ಯಾಮೆರಾ ಇದೆ. ಅದು ನಾವು ಬಟ್ಟೆ ಕದಿಯುತ್ತೇವೆಯೋ ಎಂದು ನೋಡಲು ಇಟ್ಟದ್ದು. ಅದಕ್ಕೆ ಕಾಣುವುದು ಕೌಂಟರಿನ ಹಿಂಬದಿ, ಡ್ರಾಯರು, ನೆಲ. ಅದರಲ್ಲಿ ನಾನು ಬಗ್ಗಿರುವುದೂ ದೊಡ್ಡವ್ವ ಬಂದು ನೆಲಕ್ಕೆ ಬೀಳುವುದೂ ಚೆನ್ನಾಗಿ ಕಂಡಿತು, ಮೇಲಿನದು ಏನೂ ಇಲ್ಲ. ನಾನು ಕೇಳಿದ್ದನ್ನೆಲ್ಲ ಹೇಳಿದೆ. ಕಣ್ಣಾರೆ ನೋಡಿದೆಯಾ ಎಂದರು. ಇಲ್ಲ ಎಂದೆ. ಸೆಲ್ವಿಯನ್ನು ಕರೆಸಿದರು. ಬರುವ ಮೊದಲು ಮ್ಯಾನೇಜರ್ ಅವಳನ್ನು ಒಳಕೋಣೆಗೆ ಕರೆದು ಮಾತಾಡಿದ್ದರು. ಅವಳು ಮೇಜಿನ ಅಂಚನ್ನೇ ನೋಡುತ್ತ, "ನಾನ್ ಕಣ್ಣಾಡಿ ಪಕ್ಕಂ ತಿರುಂಬಿ ಇರುಂದೇನ್ ಸಾರ್" ಎಂದಳು. ಕನ್ನಡಿಯ ಕಡೆ ತಿರುಗಿದ್ದೆ ಎಂದರ್ಥ. ಅಧಿಕಾರಿ ತಲೆಯಾಡಿಸಿದರು.

ಹೊಡೆದವನೂ ಅಲ್ಲೇ ನಿಂತಿದ್ದ. ರಾಜಿ ಮಾಡಿಕೊಳ್ಳಿ ಎಂದಾಗ ದೊಡ್ಡವ್ವನ ಮುಂದೆ ಬಂದು ಕೈ ಮುಗಿದು, "ಏಟು ಬಿದ್ದೋಯ್ತು ದೊಡ್ಡವ್ವ, ಮನ್ಸಲ್ಲಿ ಇಕ್ಕೋಬ್ಯಾಡಿ" ಎಂದ. ನಾವು ಕರೆಯುವ ಹೆಸರನ್ನೇ ಅವನೂ ಹಿಡಿದಿದ್ದ. ಅವನ ಕಣ್ಣಲ್ಲಿ ನೀರಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಏಟು ಬಿತ್ತಂತೆ.

ದೊಡ್ಡವ್ವ ಅವನನ್ನು ನೋಡಿ, "ನಿನ್ ಮಗೀಗೆ ಪಾವಡೆ ಆಯ್ತಾ?" ಎಂದು ಕೇಳಿದರು. ಅವನು ತಲೆ ತಗ್ಗಿಸಿದ. "ಹೋಗು" ಎಂದರು. ಕ್ಷಮಿಸಿದ್ದೇನೆ ಎನ್ನಲಿಲ್ಲ. ರಾಜಿಗೆ ಒಪ್ಪಲೂ ಇಲ್ಲ. ದೂರು ಹಾಗೆಯೇ ಎಲ್ಲೋ ಕೂತು, ನಿದ್ದೆ ಹೋಯಿತು.

ಹೊರಗೆ ಬಂದ ಮೇಲೆ ನಾನು ಸೆಲ್ವಿಯ ಮೇಲೆ ಕೂಗಾಡಿದೆ. ಅವಳೆದುರು ಅಲ್ಲ, ದೊಡ್ಡವ್ವನೆದುರು. ಅವರು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಅವಳ್ನ ಒಂದ್ ಮಾತೂ ಕೇಳ್ಬ್ಯಾಡ. ಅವ್ಳೂ ನಾಳೆ ಬೆಳಿಗ್ಗೆ ಅದೇ ಅಂಗಡೀಲಿ ನಿಲ್ಬೇಕಲ್ಲವ್ವ" ಎಂದರು. ನನಗೆ ಆ ಔದಾರ್ಯ ಇಷ್ಟವಾಗಲಿಲ್ಲ. ಈಗಲೂ ಪೂರ್ತಿ ಇಷ್ಟವಾಗಿಲ್ಲ. ಆದರೆ ಅವರ ಮಾತು ಮೀರಿ ನಾನು ಸೆಲ್ವಿಯನ್ನು ಏನೂ ಕೇಳಲಿಲ್ಲ.

ಕೈ ಸೇರಿತು, ಭುಜ ಸೇರಲಿಲ್ಲ. ಬಲಗೈಯನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಲು ಆಗುತ್ತಿರಲಿಲ್ಲ. ಥಾನು ಇಳಿಸಲಾಗದವರು ಕೌಂಟರಿನಲ್ಲಿ ಏಕೆ ಎಂದು, ನಿಮ್ಮ ಒಳ್ಳೆಯದಕ್ಕೇ ಎಂದು, ಅವರನ್ನು ಕೆಳಗಿನ ಗೋಡೌನಿಗೆ ಹಾಕಿದರು. ಅಲ್ಲಿ ಕಿಟಕಿಯಿಲ್ಲ, ಗಿರಾಕಿಯೂ ಇಲ್ಲ. ಬಂದ ಬಟ್ಟೆಗೆ ಚೀಟಿ ಅಂಟಿಸುವ ಕೆಲಸ. ಅಂಗಡಿ ತುಂಬ ಜನರ ಮುಖ ನೋಡಿ ಬದುಕಿದವರನ್ನು ಪೆಟ್ಟಿಗೆಗಳ ಜೊತೆ ಕೂಡಿಹಾಕಿದರು. ನನಗೆ ಸಂಕಟವಾಗುತ್ತಿತ್ತು. ಅವರು ಮಾತ್ರ, "ಇಲ್ಲಿ ಕೂರ್ಬೋದು" ಎನ್ನುತ್ತಿದ್ದರು. ಅದು ನಿಜವೂ ಹೌದು. ಅಷ್ಟು ವರ್ಷಗಳ ಮೇಲೆ ಅವರಿಗೆ ಕೂರಲು ಸಿಕ್ಕಿತ್ತು.

ಒಲೆ, ಹಾಲು ಎಂಬ ಮಾತು ಅಲ್ಲಿಗೆ ನಿಂತಿತು. ಅವರ ಜಾಗಕ್ಕೆ ಬಂದ ನಾನು ಈಗ ಏನೂ ಸನ್ನೆ ಮಾಡುವುದಿಲ್ಲ. ಗಿರಾಕಿ ದನಿ ಏರಿಸಿದರೆ ಕತ್ತರಿ ಮತ್ತು ಮೀಟರ್ ಕಡ್ಡಿ ಎರಡನ್ನೂ ತೆಗೆದಿಟ್ಟು, ಎರಡು ಹೆಜ್ಜೆ ಹಿಂದೆ ನಿಂತು, ಬೈಸಿಕೊಳ್ಳುತ್ತೇನೆ. ಮಧ್ಯಾಹ್ನ ಮೆಟ್ಟಿಲ ಕೆಳಗೆ ನಾವು ಮೂವರೂ ಮೊದಲಿನಂತೆಯೇ ಕೂರುತ್ತಿದ್ದೆವು. ದೊಡ್ಡವ್ವ ಎಡಗೈಯಲ್ಲಿ ಚಮಚ ಹಿಡಿದು ಉಣ್ಣುವುದನ್ನು ಕಲಿತರು. ಅವರ ಡಬ್ಬಿಯ ಮುಚ್ಚಳ ತೆಗೆದುಕೊಡುತ್ತಿದ್ದವಳು ಸೆಲ್ವಿ. ಯಾರೂ ಅವಳಿಗೆ ಹೇಳಿದ್ದಲ್ಲ. ದಿನವೂ ಬಂದು ಕೂತ ಕೂಡಲೇ, ಮಾತಿಲ್ಲದೆ, ಮೊದಲು ಆ ಮುಚ್ಚಳ ತೆಗೆಯುತ್ತಿದ್ದಳು. ದೊಡ್ಡವ್ವ ದ್ರಾಕ್ಷಿಯನ್ನು ಮೂರು ಪಾಲು ಮಾಡುತ್ತಿದ್ದರು.

ವರ್ಷಗಳು ಕಳೆದಂತೆ ಅಂಗಡಿಯಲ್ಲಿ ಕಥೆ ಗಟ್ಟಿಯಾಯಿತು. ದೊಡ್ಡವ್ವ ಸ್ಟೂಲಿನಿಂದ ಬಿದ್ದವರು. ಹೊಸಬರಿಗೆ ಸ್ಟೂಲ್ ತೋರಿಸಿ, ಹುಷಾರು, ಹಿಂದೆ ಒಬ್ಬರು ಬಿದ್ದಿದ್ದಾರೆ ಎಂದು ಎಚ್ಚರಿಸುತ್ತಿದ್ದರು. ದೊಡ್ಡವ್ವ ಕೇಳಿಸಿಕೊಂಡಾಗಲೆಲ್ಲ, "ಹೊಡೆದ" ಎಂದು ಒಂದೇ ಮಾತಿನಲ್ಲಿ ತಿದ್ದುತ್ತಿದ್ದರು. ಜನ ಸರಿ ದೊಡ್ಡವ್ವ, ಸರಿ ದೊಡ್ಡವ್ವ ಎಂದು ಮುಂದೆ ಹೋಗುತ್ತಿದ್ದರು. ಕೊನೆಕೊನೆಗೆ ಅವರು ತಿದ್ದುವುದನ್ನೂ ಬಿಟ್ಟರು. ನನಗೆ ಹೆಚ್ಚು ನೋವಾದದ್ದು ಅದೇ.

ಕಳೆದ ತಿಂಗಳು ಅವರನ್ನು ಬೀಳ್ಕೊಡುವ ಕಾರ್ಯಕ್ರಮ ಅಂಗಡಿ ತೆರೆಯುವ ಮೊದಲು ಮೊದಲ ಮಹಡಿಯಲ್ಲೇ ನಡೆಯಿತು. ಕೆಳಗೆ ಶಟರ್ ಅರ್ಧ ಎತ್ತಿದ್ದರು. ಬಿಲ್ಲಿಂಗಿನವರು, ವಾಚ್‌ಮನ್, ನಾವೆಲ್ಲ ಸಾಲಾಗಿ ನಿಂತಿದ್ದೆವು. ದೊಡ್ಡವ್ವನಿಗೆ ಒಂದು ಕುರ್ಚಿ ಹಾಕಿದ್ದರು. ಮೊದಲಾಳಿಯ ಮಗ ಶಾಲು ಹೊದಿಸಿದ. ಅದು ಬಲಭುಜದಿಂದ ಜಾರಿತು, ಅವರು ಎಡಗೈಯಿಂದ ಎಳೆದುಕೊಂಡರು. ಅವನು ಒಳ್ಳೆಯ ಹುಡುಗನೇ. ಮನಸ್ಸಿಟ್ಟು ಮಾತಾಡಿದ. ಇವರು ನಮ್ಮ ಕುಟುಂಬದವರು ಎಂದ, ಇಂಥ ನಿಷ್ಠೆ ಈಗ ಎಲ್ಲಿ ಎಂದ. "ಕೆಲಸದ ನಡುವೆ ಒಮ್ಮೆ ಕೆಳಗೆ ಬಿದ್ದು ಕೈಗೆ ದೊಡ್ಡ ಏಟು ಬಿದ್ದಾಗಲೂ ಇವರು ನಮ್ಮನ್ನು ಬಿಟ್ಟು ಹೋಗಲಿಲ್ಲ," ಎಂದು ತಮಿಳಿನಲ್ಲಿ ಹೇಳಿದ. ಅವನಿಗೆ ಮ್ಯಾನೇಜರ್ ಹೇಳಿದ್ದದ್ದೇ ಅಷ್ಟು. ಪಕ್ಕದಲ್ಲಿದ್ದ ಮ್ಯಾನೇಜರ್ ಮೊಬೈಲ್ ನೋಡತೊಡಗಿದರು.

ನಾನು ದೊಡ್ಡವ್ವನ ಮುಖ ನೋಡಿದೆ. ಅವರು ಶಾಲಿನ ಅಂಚನ್ನು ಬೆರಳಲ್ಲಿ ಒತ್ತಿ ಬಟ್ಟೆಯ ಗುಣ ನೋಡುತ್ತಿದ್ದರು, ಅದು ಅವರ ಅಭ್ಯಾಸ.

"ಅವಂಗ ವಿಳಲೆ ಸಾರ್."

ಮಾತು ಬಂದದ್ದು ನನ್ನ ಎಡಗಡೆಯಿಂದ. ಸೆಲ್ವಿ. ಕೈ ಕಟ್ಟಿಕೊಂಡು, ಸಾಲಿನಿಂದ ಮುಂದೆ ಬಾರದೆ, ಇದ್ದಲ್ಲಿಂದಲೇ ಹೇಳುತ್ತಿದ್ದಳು. ಮೊದಲಾಳಿಯ ಮಗ ಅರ್ಥವಾಗದೆ ಅವಳ ಕಡೆ ನೋಡಿದ.

"ಅವರು ಬೀಳಲಿಲ್ಲ ಸಾರ್," ಎಂದು ಅವಳು ತಮಿಳಿನಲ್ಲಿ ಮುಂದುವರಿಸಿದಳು. "ಒಬ್ಬ ಹೊಡೆದ. ಮೀಟರ್ ಕಡ್ಡಿಯಲ್ಲಿ ಹೊಡೆದ. ನಾನು ಕನ್ನಡಿಯ ಕಡೆ ತಿರುಗಿದ್ದೆ. ಕನ್ನಡಿಯಲ್ಲಿ ನೋಡಿದೆ. ದಿನಾ ಅದೇ ಕನ್ನಡಿ ಮುಂದೆ ನಿಲ್ಲುತ್ತೇನೆ ಸಾರ್."

ನಾನು ಆ ಕನ್ನಡಿಯ ಕಡೆ ನೋಡಿದೆ. ಅದರಲ್ಲಿ ನಮ್ಮ ಕೌಂಟರ್, ಅದರ ಗಾಜು, ಅದರ ಮೇಲಿನ ಮೀಟರ್ ಕಡ್ಡಿ ಎಲ್ಲ ಕಾಣುತ್ತಿತ್ತು. ಇಷ್ಟು ವರ್ಷ ಕಾಣುತ್ತಲೇ ಇತ್ತು. ನಾನು ಒಮ್ಮೆಯೂ ಆ ಕಡೆ ನಿಂತು ನೋಡಿರಲಿಲ್ಲ.

ಮೊದಲಾಳಿಯ ಮಗ ಮ್ಯಾನೇಜರ್ ಕಡೆ ತಿರುಗಿದ, ಆಮೇಲೆ ದೊಡ್ಡವ್ವನ ಕಡೆ. "ನೀವೂ ಎರಡು ಮಾತು ಹೇಳಿ" ಎಂದು ಮೈಕ್ ಅವರ ಕೈಗೆ ಕೊಟ್ಟ.

ಅವರು ಮೈಕನ್ನು ಮಡಿಲಲ್ಲಿ ಇಟ್ಟುಕೊಂಡರು. ಮಾತಾಡಲು ಅವರು ಸಿದ್ಧವಾಗಿ ಬಂದಿದ್ದರು ಎಂದು ನನಗೆ ಗೊತ್ತು. ಹಿಂದಿನ ದಿನ ಊಟದ ಹೊತ್ತಿನಲ್ಲಿ, ಕೊನೇ ಸಲ ಒಂದು ಮಾತು ಹೇಳಿಯೇ ಹೋಗುತ್ತೇನೆ ಎಂದು ನನ್ನ ಹತ್ತಿರ ಹೇಳಿದ್ದರು.

"ಅವ್ಳೇ ಸೊಲ್ಲಿಬುಟ್ಟಳು," ಎಂದರು. ಅದನ್ನು ಹೇಳಿದ್ದು ನಮ್ಮ ಮಾತಿನಲ್ಲಿ. ಅಲ್ಲಿದ್ದವರಲ್ಲಿ ಪೂರ್ತಿ ಅರ್ಥವಾದದ್ದು ನನಗೊಬ್ಬಳಿಗೇ ಇರಬೇಕು. "ನಂಗಿನ್ನ ಏನೂ ಇಲ್ಲವ್ವ."

ಆಮೇಲೆ ಎಡಗೈಯಿಂದ ತಮ್ಮ ಬಲಗೈಯ ಮಣಿಕಟ್ಟು ಹಿಡಿದು, ನಿಧಾನವಾಗಿ ಎತ್ತಿ, ಸೆಲ್ವಿಯ ಕಡೆಗೆ ಚಾಚಿದರು. ಅವಳು ಬಂದು ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಅಂಗಡಿಯ ಮಹಡಿಯಲ್ಲಿ, ಮ್ಯಾನೇಜರ್ ಎದುರಿಗೆ, ಅವಳು ಕೂತಿದ್ದನ್ನು ನಾನು ಮೊದಲ ಸಲ ನೋಡಿದೆ. ಕೆಳಗೆ ಯಾರೋ ಶಟರ್ ಪೂರ್ತಿ ಎತ್ತಿದರು. ಮೆಟ್ಟಿಲ ಮೇಲೆ ಗಿರಾಕಿಗಳ ಕಾಲಿನ ಸಪ್ಪಳ ಕೇಳಿತು, ಅವಳು ಏಳಲಿಲ್ಲ.